ಕರೆಂಟು ಹೋಗಿ ಬಂದರೂ ತಾನೇ ಏಳುವ ಮನೆ ಸರ್ವರ್: ಉತ್ತರ ಕನ್ನಡದ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಘಟ್ಟದ ಮೇಲೂ ಕೆಳಗೂ ಹಳ್ಳಿಗಳಿಗೆ ಫೈಬರ್ ಬಂದಿದೆ. ಹೀಗಾಗಿ ಮನೆಯಲ್ಲೇ ಸರ್ವರ್ ಇಡುವುದು ಈಗ ದೂರದ ಮಾತಲ್ಲ. 100 ಎಂಬಿಪಿಎಸ್ ಸಂಪರ್ಕ, ಕಪಾಟಿನಲ್ಲಿ ಬಿದ್ದಿರುವ ಹಳೇ ಲ್ಯಾಪ್‌ಟಾಪು, ಒಂದೆರಡು ಭಾನುವಾರದ ಬಿಡುವು ಇದ್ದರೆ ಸಾಕು. ಮನೆಯವರ ಫೋಟೊ, ಹಳೇ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ತಾಳಮದ್ದಲೆ, ತೋಟದ ಲೆಕ್ಕ, ಅಂಗಳದ ಮಳೆಮಾಪಕದ ದಿನದಿನದ ಅಂಕಿ ಎಲ್ಲವನ್ನೂ ನಮ್ಮದೇ ಯಂತ್ರದಲ್ಲಿಟ್ಟು ಬೆಂಗಳೂರಿನಲ್ಲಿರುವ ಮಕ್ಕಳಿಗೂ ತಲುಪಿಸಬಹುದು.

ಆದರೆ ಈ ವಿಷಯದ ಬಹುಪಾಲು ಮಾರ್ಗದರ್ಶಿಗಳು ಕರೆಂಟು ಸದಾ ಇರುತ್ತದೆ, ಸ್ವಂತ ಸಾರ್ವಜನಿಕ ಐಪಿ ವಿಳಾಸ (ಹೊರಗಿನಿಂದ ನಿಮ್ಮ ಮನೆಯನ್ನು ನೇರ ತಲುಪಬಹುದಾದ ಅಂಕಿಯ ವಿಳಾಸ) ಸಿಕ್ಕೇ ಸಿಗುತ್ತದೆ ಎಂದುಕೊಂಡು ಬರೆದವು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಜೂನ್ ತಿಂಗಳಲ್ಲಿ ಮರ ಬಿದ್ದು ಲೈನ್ ಹರಿದರೆ ಎರಡು ದಿನ ಕತ್ತಲೆ ಸಾಮಾನ್ಯ. ಹಾಗಾಗಿ ಕೆಳಗಿನ ಪ್ರತಿ ಹೆಜ್ಜೆಯನ್ನೂ ನಾನು ಒಂದೇ ಪ್ರಶ್ನೆಯಿಂದ ಅಳೆದಿದ್ದೇನೆ: ಯಂತ್ರ ಪೂರ್ತಿ ಆರಿ, ಮರುದಿನ ನಡುರಾತ್ರಿ ಕರೆಂಟು ಬಂದಾಗ, ಯಾರೂ ಮುಟ್ಟದೆ ಎಲ್ಲವೂ ಮತ್ತೆ ಶುರುವಾಗುತ್ತದೆಯೇ? ಮನೆಯಲ್ಲಿ ಇರುವವರು ವಯಸ್ಸಾದ ಅಪ್ಪ ಅಮ್ಮ, ನೀವಿರುವುದು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಆದರೆ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇಲ್ಲ.

ಹೆಜ್ಜೆ 1: ಯಾರು ನೋಡಬೇಕು ಎಂದು ಮೊದಲು ತೀರ್ಮಾನಿಸಿ

ಒಂದು ಹಾಳೆಯ ಮೇಲೆ ನಿಮಗೆ ಬೇಕಾದ ಸೇವೆಗಳನ್ನು ಬರೆದು, ಪ್ರತಿಯೊಂದರ ಎದುರಿಗೆ ಅದನ್ನು ನೋಡಬೇಕಾದವರು ಯಾರೆಂದು ಬರೆಯಿರಿ. ಫೋಟೊಗಳಿಗೆ ಇಮ್ಮಿಚ್ ಎಂಬ ಸಾಫ್ಟ್‌ವೇರು, ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಹಾಡು ವಿಡಿಯೊಗಳಿಗೆ ಜೆಲ್ಲಿಫಿನ್. ಇವನ್ನು ನೋಡುವವರು ಮನೆಮಂದಿ ಐದಾರು ಜನ. ಊರಿನವರೆಲ್ಲ ನೋಡಬೇಕಾದದ್ದು ಮಳೆಯ ಅಂಕಿಯ ಪುಟವೊಂದೇ ಇರಬಹುದು.

ಈ ಪಟ್ಟಿ ಮಾಡಿದ ಮೇಲೆ ಕೆಲಸ ಅರ್ಧ ಹಗುರಾಗುತ್ತದೆ. ಮನೆಮಂದಿಗೆ ಮಾತ್ರ ಬೇಕಾದದ್ದನ್ನು ಜಗತ್ತಿಗೆ ತೆರೆಯುವ ಅಗತ್ಯವೇ ಇಲ್ಲ. ಖಾಸಗಿ ಜಾಲದೊಳಗೆ ಇಟ್ಟರೆ ಸಾಕು. ಇಮೇಲ್ ಸರ್ವರನ್ನು ಮಾತ್ರ ಪಟ್ಟಿಯಿಂದ ಈಗಲೇ ಹೊಡೆದುಹಾಕಿ. ಮನೆ ಸಂಪರ್ಕಗಳಲ್ಲಿ ಅಂಚೆ ಹೋಗುವ 25ನೇ ಪೋರ್ಟನ್ನು (ಪೋರ್ಟೆಂದರೆ ಒಂದೊಂದು ಸೇವೆಗೂ ಇರುವ ಅಂಕಿಯ ಬಾಗಿಲು) ಸಾಮಾನ್ಯವಾಗಿ ಮುಚ್ಚಿರುತ್ತಾರೆ. ಮುಚ್ಚದಿದ್ದರೂ ಮನೆ ಐಪಿಯಿಂದ ಹೋದ ಅಂಚೆಯನ್ನು ದೊಡ್ಡ ಅಂಚೆ ಸೇವೆಗಳು ನೇರ ಸ್ಪ್ಯಾಮಿಗೆ ಹಾಕುತ್ತವೆ.

ಹೆಜ್ಜೆ 2: ನಿಮ್ಮ ಸಂಪರ್ಕ ಎಂಥದ್ದು ಎಂದು ನೋಡಿ

ರೂಟರಿನ ಆಡಳಿತ ಪುಟಕ್ಕೆ ಹೋಗಿ (ಹೆಚ್ಚಿನ ಕಡೆ 192.168.1.1) ವ್ಯಾನ್ ಐಪಿ (ಹೊರ ಸಂಪರ್ಕದ ವಿಳಾಸ) ಎಂದು ತೋರಿಸುವುದನ್ನು ಬರೆದುಕೊಳ್ಳಿ. ಆಮೇಲೆ ನಿಮ್ಮ ಐಪಿ ತೋರಿಸುವ ಯಾವುದಾದರೂ ಜಾಲತಾಣ ತೆರೆದು ಹೋಲಿಸಿ. ಎರಡೂ ಒಂದೇ ಆಗಿದ್ದರೆ ನಿಮ್ಮದು ಸಾರ್ವಜನಿಕ ಐಪಿ. ಬೇರೆಬೇರೆ ಇದ್ದು, ರೂಟರಿನಲ್ಲಿರುವುದು 100.64ರಿಂದ 100.127ರೊಳಗೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಐಪಿವಿ4 ವಿಳಾಸಗಳು ಸಾಲದ್ದಕ್ಕೆ ಕಂಪನಿಯವರು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ಏರ್ಪಾಡು ಇದು. ಇದಕ್ಕೆಂದೇ ಈ ಸಾಲನ್ನು 2012ರಲ್ಲಿ ಮೀಸಲಿಟ್ಟರು. ಕೆಲವರು 10ರಿಂದ ಶುರುವಾಗುವ ವಿಳಾಸವನ್ನೂ ಕೊಡುತ್ತಾರೆ, ಅರ್ಥ ಒಂದೇ. ಇಂಥ ಸಂಪರ್ಕದಲ್ಲಿ ಹೊರಗಿನಿಂದ ಯಾರೂ ನಿಮ್ಮ ಮನೆಗೆ ಕರೆ ಮಾಡಲಾರರು, ನೀವೇ ಹೊರಗೆ ಕರೆ ಮಾಡಬೇಕು. ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನ ಕರೆಯನ್ನು ಒಳಗಿನ ಯಂತ್ರಕ್ಕೆ ತಿರುಗಿಸುವುದು) ಎಷ್ಟು ತೆರೆದರೂ ಉಪಯೋಗವಿಲ್ಲ.

ಪ್ಲಾನಿನ ಷರತ್ತನ್ನೂ ಒಮ್ಮೆ ಓದಿ, ಮನೆ ಸಂಪರ್ಕದಲ್ಲಿ ಸರ್ವರ್ ಇಡಬಾರದೆಂದು ಬರೆದಿರುವುದುಂಟು. ಅಪ್‌ಲೋಡ್ ವೇಗ ಅಳೆದುಕೊಳ್ಳಿ. ಮನೆಯಿಂದ ಹೊರಗೆ ಹೋಗುವ ಫೋಟೊಗೆ ಲೆಕ್ಕಕ್ಕೆ ಬರುವುದು ಅದೇ ಅಂಕಿ.

ಹೆಜ್ಜೆ 3: ಯಂತ್ರ, ಮತ್ತು ಅದನ್ನಿಡುವ ಜಾಗ

ನನ್ನ ಮೊದಲ ಆಯ್ಕೆ ಹಳೇ ಲ್ಯಾಪ್‌ಟಾಪು. ಬ್ಯಾಟರಿ ಒಳಗೇ ಇರುವುದರಿಂದ ಕರೆಂಟು ಕಣ್ಣುಮುಚ್ಚಾಲೆ ಆಡಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಇದ್ದರೆ ಇಮ್ಮಿಚ್ ಕೂಡ ನಿರಾಳವಾಗಿ ಓಡುತ್ತದೆ. 15 ವ್ಯಾಟ್ ಎಳೆಯುವ ಯಂತ್ರ ತಿಂಗಳಿಗೆ ತಿನ್ನುವುದು ಸುಮಾರು 11 ಯೂನಿಟ್.

ತೆಗೆದುಕೊಳ್ಳುವ ಮುನ್ನ ಅದರ ಬಯಾಸ್ (ಯಂತ್ರ ಆನ್ ಆಗುವಾಗಲೇ ತೆರೆಯಬಹುದಾದ ಮೂಲ ಸೆಟ್ಟಿಂಗು) ತೆರೆದು ಒಂದು ಆಯ್ಕೆ ಇದೆಯೇ ನೋಡಿ: ಚಾರ್ಜರಿಗೆ ಕರೆಂಟು ಬಂದೊಡನೆ ತಾನೇ ಆನ್ ಆಗುವುದು. ಥಿಂಕ್‌ಪ್ಯಾಡ್‌ಗಳಲ್ಲಿ ‘ಪವರ್ ಆನ್ ವಿತ್ ಎಸಿ ಅಟ್ಯಾಚ್’, ಡೆಲ್‌ನಲ್ಲಿ ‘ವೇಕ್ ಆನ್ ಎಸಿ’ ಎಂಬ ಹೆಸರಿನಲ್ಲಿ ಇರುತ್ತದೆ. ಮಿನಿ ಪಿಸಿ, ಡೆಸ್ಕ್‌ಟಾಪ್‌ಗಳಲ್ಲಿ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಎಂದು ಇರುತ್ತದೆ, ಅದನ್ನು ‘ಪವರ್ ಆನ್’ ಮಾಡಬೇಕು. ಇದಿಲ್ಲದ ಲ್ಯಾಪ್‌ಟಾಪು ಬ್ಯಾಟರಿ ಮುಗಿದು ಆರಿದ ಮೇಲೆ ಯಾರಾದರೂ ಗುಂಡಿ ಒತ್ತುವ ತನಕ ಏಳುವುದಿಲ್ಲ. ದಿನವೂ ನಿಗದಿತ ಹೊತ್ತಿಗೆ ಆನ್ ಆಗುವ ಆಯ್ಕೆಯಾದರೂ ಇದ್ದರೆ ಬೆಳಗಿನ 6 ಗಂಟೆಗೆ ಇಡಿ. ಕರೆಂಟು ರಾತ್ರಿ ಬಂದರೂ ಬೆಳಗ್ಗೆ ಎದ್ದುಕೊಳ್ಳುತ್ತದೆ. ಎರಡೂ ಇಲ್ಲದಿದ್ದರೆ ಆ ಲ್ಯಾಪ್‌ಟಾಪನ್ನು ಈ ಕೆಲಸಕ್ಕೆ ಹಚ್ಚಬೇಡಿ.

ಲಿನಕ್ಸ್ ಹಾಕಿದ ಮೇಲೆ ಲಾಗಿನ್‌ಡಿ (ಮುಚ್ಚಳ, ಪವರ್ ಗುಂಡಿಗಳನ್ನು ನೋಡಿಕೊಳ್ಳುವ ಭಾಗ) ಸಂರಚನೆಯಲ್ಲಿ ‘ಹ್ಯಾಂಡಲ್ ಲಿಡ್ ಸ್ವಿಚ್’ ಸಾಲಿಗೆ ‘ಇಗ್ನೋರ್’ ಎಂದು ಕೊಡಿ, ಮುಚ್ಚಳ ಹಾಕಿದರೂ ಯಂತ್ರ ಮಲಗದು. ಸದಾ ಚಾರ್ಜರಿನಲ್ಲೇ ಇರುವ ಬ್ಯಾಟರಿ ಉಬ್ಬಬಹುದು. ಆದ್ದರಿಂದ ಲ್ಯಾಪ್‌ಟಾಪಿನಲ್ಲಿ ಆ ಸೌಲಭ್ಯವಿದ್ದರೆ ಟಿಎಲ್‌ಪಿ ಎಂಬ ಸಾಫ್ಟ್‌ವೇರಿನಿಂದ ಚಾರ್ಜಿಂಗ್ ಮಿತಿಯನ್ನು 60–80 ಪ್ರತಿಶತಕ್ಕೆ ನಿಲ್ಲಿಸಿ. ಈಗಾಗಲೇ ಉಬ್ಬಿದ ಬ್ಯಾಟರಿಯಿದ್ದರೆ ತೆಗೆಸಿಬಿಡಿ, ಅಡಿಕೆ ಮೂಟೆಗಳ ನಡುವೆ ಅಂಥದ್ದನ್ನು ಇಡುವಂತಿಲ್ಲ.

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಕರೆಂಟು ಬಂದೊಡನೆ ತಾನೇ ಏಳುತ್ತದೆ, ಅದೇ ಅದರ ದೊಡ್ಡ ಗುಣ. ಆದರೆ ಎಸ್‌ಡಿ ಕಾರ್ಡಿನ ಮೇಲೆ ನಡೆಸಿದರೆ ಒಂದು ಮಳೆಗಾಲದ ಕರೆಂಟಿನಾಟಕ್ಕೇ ಕಾರ್ಡು ಕೆಡಬಹುದು, ಎಸ್‌ಎಸ್‌ಡಿ ಹಚ್ಚಿಯೇ ಬಳಸಿ. ಪೈ 4ರಲ್ಲಿ ಗಡಿಯಾರದ ಚಿಪ್ ಇಲ್ಲ. ದೀರ್ಘ ಕತ್ತಲೆಯ ನಂತರ ಎದ್ದಾಗ ಅದು ಹಳೇ ತಾರೀಖಿನಲ್ಲೇ ಇರುತ್ತದೆ. ಇಂಟರ್ನೆಟ್ಟಿನಿಂದ ಸಮಯ ಸಿಗುವವರೆಗೆ ಎಚ್‌ಟಿಟಿಪಿಎಸ್ ಪ್ರಮಾಣಪತ್ರಗಳು (ಜಾಲತಾಣ ಅಸಲಿಯೆಂದು ತೋರಿಸುವ ದಾಖಲೆ) ತಪ್ಪೆನಿಸಬಹುದು. ಪೈ 5ರಲ್ಲಿ ಗಡಿಯಾರವಿದೆ, ಅದಕ್ಕೆ ಪುಟ್ಟ ಬ್ಯಾಟರಿಯನ್ನು ಬೇರೆಯಾಗಿ ಕೊಳ್ಳಬೇಕು.

ಜಾಗದ ವಿಷಯ. ಮಳೆಗಾಲದಲ್ಲಿ ಮನೆಯ ಒಣ ಜಾಗವೆಂದರೆ ಒಲೆಯ ಮೇಲಿನ ಅಟ್ಟ. ಆದರೆ ಅಲ್ಲಿಯ ಹೊಗೆ, ಮಸಿ ಫ್ಯಾನಿನೊಳಗೆ ಅಂಟಿ ಯಂತ್ರ ಕಾಯುತ್ತದೆ. ಜಗಲಿಯ ಒಳಗೋಡೆಯ ಮೇಲೆ, ಗಾಳಿಯಾಡುವ, ಇರಚಲು ತಾಗದ ಹಲಗೆ ಒಳ್ಳೆಯದು. ದಿನದ 24 ಗಂಟೆ ಬೆಚ್ಚಗಿರುವ ಯಂತ್ರಕ್ಕೆ ಬೂಷ್ಟು ಹಿಡಿಯುವುದು ಕಡಿಮೆ, ಮಳೆಗಾಲದಲ್ಲಿ ಆಫ್ ಮಾಡಿ ಇಟ್ಟ ಯಂತ್ರವೇ ಬೇಗ ಕೆಡುತ್ತದೆ. ಕಾರವಾರ, ಅಂಕೋಲಾ, ಕುಮಟಾದಲ್ಲಿ ಸಮುದ್ರಕ್ಕೆ ಹತ್ತಿರದವರು ಉಪ್ಪುಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಯುಎಸ್‌ಬಿ ಸಾಕೆಟ್ಟಿನ ಲೋಹ ಹಸಿರುಗಟ್ಟಿ, ಹೊರ ಡಿಸ್ಕು ಆಗಾಗ ಕಾಣೆಯಾಗುತ್ತದೆ. ಅಲ್ಲಿಯವರು ಫ್ಯಾನಿಲ್ಲದ ಮಿನಿ ಪಿಸಿ ತೆಗೆದುಕೊಂಡು ಡಿಸ್ಕನ್ನು ಒಳಗೇ ಕೂರಿಸುವುದು ಲೇಸು.

ಹೆಜ್ಜೆ 4: ಕರೆಂಟು ಮತ್ತು ಸಿಡಿಲು

ಫೈಬರ್ ಮೋಡೆಮ್ಮಿನ ಅಡಾಪ್ಟರ್ ಮೇಲಿನ ಅಕ್ಷರ ಓದಿ. 12 ವೋಲ್ಟ್, 1 ಅಥವಾ 2 ಆಂಪಿಯರ್ ಎಂದು ಇರುತ್ತದೆ. ಅದಕ್ಕೆ ಸರಿಹೊಂದುವ ಪುಟ್ಟ ಡಿಸಿ ಯುಪಿಎಸ್ ಅಂಗಡಿಗಳಲ್ಲಿ ಸಿಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಮೋಡೆಮ್, ಸರ್ವರ್ ಎರಡನ್ನೂ ಅದರ ಲೈನಿಗೆ ಕೊಟ್ಟು, ಇನ್ವರ್ಟರಿನ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿ. ಸಾಮಾನ್ಯ ಮೋಡಿನಲ್ಲಿ ಬದಲಾಗುವ ಅರೆಕ್ಷಣಕ್ಕೆ ಮೋಡೆಮ್ ರೀಸ್ಟಾರ್ಟ್ ಆಗುತ್ತದೆ. ಎರಡೂ ಸೇರಿ 25 ವ್ಯಾಟ್, 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಗಂಟೆ. ಇನ್ವರ್ಟರ್ ತಾನು ತಿನ್ನುವುದನ್ನು, ಮನೆಯ ದೀಪ ಫ್ಯಾನುಗಳನ್ನು ಕಳೆದರೂ ಒಂದು ರಾತ್ರಿ ದಾಟುತ್ತದೆ. ಇದಕ್ಕೂ ಹೆಚ್ಚು ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ ಎಂದೇ ನನ್ನ ಅನಿಸಿಕೆ. ನಿಮ್ಮ ಮನೆಯಲ್ಲಿ ಬ್ಯಾಟರಿ ಉಳಿದಿದ್ದರೂ ಆಚೆ ಕಂಬದಲ್ಲಿ, ಪೇಟೆಯ ಪೆಟ್ಟಿಗೆಯಲ್ಲಿ ಕರೆಂಟು ಹೋದರೆ ಫೈಬರ್ ಹೇಗೂ ಸತ್ತಿರುತ್ತದೆ. ಆರದಂತೆ ಮಾಡುವುದಕ್ಕಿಂತ ಸರಿಯಾಗಿ ಆರಿ ಸರಿಯಾಗಿ ಏಳುವಂತೆ ಮಾಡುವುದೇ ಇಲ್ಲಿಗೆ ಹೊಂದುವ ದಾರಿ. ಬ್ಯಾಟರಿ 10 ಪ್ರತಿಶತಕ್ಕೆ ಇಳಿದಾಗ ತಾನೇ ಕ್ರಮವಾಗಿ ಶಟ್‌ಡೌನ್ ಆಗುವಂತೆ ಲ್ಯಾಪ್‌ಟಾಪಿಗೆ ಹೇಳಿಡಿ.

ಕರೆಂಟು ಬರುವಾಗಲೂ ಒಮ್ಮೆಲೇ ಸ್ಥಿರವಾಗುವುದಿಲ್ಲ, ಲೈನ್‌ಮನ್ ಫ್ಯೂಸ್ ಹಾಕಿ ನೋಡುವಾಗ ಎರಡು ಮೂರು ಸಲ ಬಂದು ಹೋಗುತ್ತದೆ. ಬ್ಯಾಟರಿಯಿಲ್ಲದ ಪೈ, ಮಿನಿ ಪಿಸಿಗಳಿಗೆ ಅಪಾಯ ಇರುವುದು ಈ ಹೊತ್ತಿನಲ್ಲೇ. ಫ್ರಿಜ್ಜಿಗೆ ಹಾಕುವ ಟೈಮ್ ಡಿಲೇ ಇರುವ ಸ್ಟೆಬಿಲೈಜರ್ ಮೂಲಕ ಕೊಟ್ಟರೆ ಕರೆಂಟು ಸ್ಥಿರವಾದ ಕೆಲವು ನಿಮಿಷಗಳ ಮೇಲೆಯೇ ಯಂತ್ರಕ್ಕೆ ತಲುಪುತ್ತದೆ.

ಸಿಡಿಲಿನ ಹೆದರಿಕೆ ಮಳೆಗಾಲದ ನಡುವಿಗಿಂತ ಏಪ್ರಿಲ್–ಮೇ ತಿಂಗಳ ಅಡ್ಡಮಳೆಗೆ ಹೆಚ್ಚು. ಆಗಲೇ ಅರ್ಥಿಂಗ್ ಗುಂಡಿಯೂ ಒಣಗಿರುತ್ತದೆ. ಸರ್ಜ್ ಪ್ರೊಟೆಕ್ಟರ್ ಎಷ್ಟು ದುಬಾರಿಯದಾದರೂ ಹೊಡೆತವನ್ನು ಇಳಿಸುವುದು ಆ ಗುಂಡಿಗೇ. ಬೇಸಿಗೆಯಲ್ಲಿ ಗುಂಡಿಗೆ ನೀರು ಹೊಯ್ಯಿರಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಅಳೆಸಿ. ಫೈಬರ್ ಗಾಜು, ಅದರಲ್ಲಿ ಕರೆಂಟು ಹರಿಯದು. ಆದರೆ ಕಂಬದಿಂದ ಕೇಬಲ್ಲನ್ನು ಎಳೆದು ಹಿಡಿಯಲು ಜೊತೆಗೊಂದು ಉಕ್ಕಿನ ತಂತಿ ಇರುತ್ತದೆ. ಆ ತಂತಿಯನ್ನು ಸೂರಿನ ಹೊರಗೇ ಕಟ್ಟಿ ಕತ್ತರಿಸಿ, ಗಾಜಿನ ಎಳೆಯನ್ನಷ್ಟೇ ಒಳಗೆ ತರುವಂತೆ ಕೇಬಲಿನವರಿಗೆ ಹೇಳಿ. ಇನ್ನೊಂದು ದಾರಿ ತೋಟದ ಕ್ಯಾಮೆರಾಕ್ಕೋ ಕೊಟ್ಟಿಗೆಗೋ ಎಳೆದ ಉದ್ದದ ತಾಮ್ರದ ಲ್ಯಾನ್ ವಯರು. ದೂರದಲ್ಲಿ ಸಿಡಿಲು ಬಡಿದರೂ ಅದರಲ್ಲಿ ಹುಟ್ಟುವ ವೋಲ್ಟೇಜು ರೂಟರ್, ಸರ್ವರ್ ಎರಡನ್ನೂ ಸುಡಬಲ್ಲದು. ಅಂಥ ಕಡೆಗೆ ವೈಫೈ ಇಲ್ಲವೇ ಫೈಬರ್ ಎಳೆಯನ್ನೇ ಬಳಸಿ.

ಹೆಜ್ಜೆ 5: ಒಳಗಿನ ವ್ಯವಸ್ಥೆ

ಡೆಬಿಯನ್ ಸ್ಟೇಬಲ್ ಎಂಬ ಲಿನಕ್ಸ್ ಹಾಕಿ, ಡೆಸ್ಕ್‌ಟಾಪ್ (ಚಿತ್ರ, ಮೌಸಿನ ಪರದೆ) ಬೇಡ. ದೂರದಿಂದ ಯಂತ್ರದೊಳಗೆ ಹೋಗುವ ದಾರಿಯಾದ ಎಸ್‌ಎಸ್‌ಎಚ್‌ಗೆ ಕೀಲಿ ಜೋಡಿ ಮಾಡಿಕೊಂಡು ಪಾಸ್‌ವರ್ಡ್ ಲಾಗಿನ್ ಮುಚ್ಚಿ. ಸುರಕ್ಷತಾ ಅಪ್‌ಡೇಟುಗಳು ತಾವೇ ಬರುವಂತೆ ‘ಅನಟೆಂಡೆಡ್ ಅಪ್‌ಗ್ರೇಡ್ಸ್’ ಹಾಕಿ. ರೂಟರಿನಲ್ಲಿ ಸರ್ವರಿಗೊಂದು ಒಳ ಐಪಿ ಕಾಯಂ ಮಾಡಿ, ಯುಪಿಎನ್‌ಪಿ (ಸಾಧನಗಳು ತಾವೇ ಪೋರ್ಟು ತೆರೆಯಲು ಬಿಡುವ ಸೌಲಭ್ಯ) ಮುಚ್ಚಿ, ರೂಟರಿನ ಮೂಲ ಪಾಸ್‌ವರ್ಡ್ ಬದಲಿಸಿ.

ಸೇವೆಗಳನ್ನು ಡಾಕರ್ ಕಂಪೋಸ್ (ಒಂದೊಂದು ಸೇವೆಯನ್ನೂ ಬೇರೆಬೇರೆ ಪೆಟ್ಟಿಗೆಯಲ್ಲಿಟ್ಟಂತೆ ಓಡಿಸುವ ಸಾಫ್ಟ್‌ವೇರು) ಮೂಲಕ ನಡೆಸಿ, ಪ್ರತಿಯೊಂದಕ್ಕೂ ರೀಸ್ಟಾರ್ಟ್ ನಿಯಮ ‘ಅನ್‌ಲೆಸ್ ಸ್ಟಾಪ್ಡ್’ ಎಂದು ಕೊಡಿ. ಇಲ್ಲಿ ಎರಡು ಕಡೆ ಎಚ್ಚರ ಬೇಕು. ಡಾಕರ್ ತೆರೆದ ಪೋರ್ಟು ಯುಎಫ್‌ಡಬ್ಲ್ಯು ಫೈರ್‌ವಾಲನ್ನು ದಾಟಿ ಹೋಗುತ್ತದೆ, ಫೈರ್‌ವಾಲ್ ಮುಚ್ಚಿದೆ ಎಂದು ತೋರಿಸುತ್ತಿದ್ದರೂ ಪೋರ್ಟು ತೆರೆದೇ ಇರುತ್ತದೆ. ಆದ್ದರಿಂದ ಬೇರೆ ಯಂತ್ರದಿಂದ ತಲುಪಬೇಕಿಲ್ಲದ ಪೋರ್ಟಿನ ಅಂಕಿಗೆ ಮೊದಲು 127.0.0.1 ಸೇರಿಸಿ ಯಂತ್ರದೊಳಗೇ ಕಟ್ಟಿಹಾಕಿ.

ಎರಡನೆಯದು ಹೊರ ಡಿಸ್ಕಿನದು. ಕರೆಂಟು ಬಂದಾಗ ಡಿಸ್ಕು ತಯಾರಾಗುವ ಮೊದಲೇ ಡಾಕರ್ ಎದ್ದರೆ, ಡಿಸ್ಕು ಇರಬೇಕಾದ ಖಾಲಿ ಫೋಲ್ಡರನ್ನೇ ನಿಜವೆಂದು ನಂಬಿ ಇಮ್ಮಿಚ್ ಹೊಸದಾಗಿ ಬರೆಯತೊಡಗಬಹುದು. ಮನೆಯವರಿಗೆ ಫೋಟೊಗಳೆಲ್ಲ ಮಾಯವಾದಂತೆ ಕಾಣುತ್ತದೆ. ಇದನ್ನು ತಪ್ಪಿಸಲು ಸಿಸ್ಟಮ್‌ಡಿಯಲ್ಲಿ (ಲಿನಕ್ಸಿನಲ್ಲಿ ಸೇವೆಗಳನ್ನು ಏಳಿಸುವ ವ್ಯವಸ್ಥೆ) ಡಾಕರ್ ಸೇವೆಗೆ ‘ರಿಕ್ವೈರ್ಸ್ ಮೌಂಟ್ಸ್ ಫಾರ್’ ಎಂಬ ಸಾಲು ಸೇರಿಸಿ ಡಿಸ್ಕಿನ ದಾರಿ ಕೊಡಿ. ಡಿಸ್ಕು ಬಾರದೆ ಡಾಕರ್ ಏಳದು. ಯಾವ ಡಿಸ್ಕು ಎಲ್ಲಿ ಸೇರಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದ ಸಾಲಿನಲ್ಲಿ ‘ನೋಫೇಲ್’ ಇಟ್ಟಿದ್ದರೆ ಡಿಸ್ಕು ಕೆಟ್ಟರೂ ಯಂತ್ರವಾದರೂ ಎದ್ದು ನಿಮಗೆ ದೂರದಿಂದ ಒಳಹೋಗಲು ದಾರಿ ಇರುತ್ತದೆ.

ಹೆಜ್ಜೆ 6: ಹೊರಗಿನ ದಾರಿ

ಮನೆಮಂದಿಗೆ: ಟೇಲ್‌ಸ್ಕೇಲ್. ಸರ್ವರಿನಲ್ಲೂ ಎಲ್ಲರ ಫೋನಿನಲ್ಲೂ ಹಾಕಿದರೆ ಸಿಜಿನ್ಯಾಟ್ ಇದ್ದರೂ ತಮ್ಮೊಳಗೆ ಗೂಢಲಿಪಿಯ ಜಾಲ ಕಟ್ಟಿಕೊಳ್ಳುತ್ತವೆ. ಮನೆಯ ಒಂದು ಪೋರ್ಟನ್ನೂ ತೆರೆಯಬೇಕಿಲ್ಲ. ಹಾಕಿದ ದಿನವೇ ಆಡಳಿತ ಪುಟದಲ್ಲಿ ಸರ್ವರಿನ ಕೀಲಿಯ ಅವಧಿ ಮುಗಿಯುವುದನ್ನು ರದ್ದು ಮಾಡಿ. ಮೂಲದಲ್ಲಿ 180 ದಿನ ಇರುತ್ತದೆ, ಆರು ತಿಂಗಳ ಮೇಲೆ ಸರ್ವರು ಕಾರಣವಿಲ್ಲದೆ ಕೈಬಿಟ್ಟಂತೆ ಕಾಣುತ್ತದೆ.

ಊರಿಗೆಲ್ಲ ತೋರಿಸುವ ಪುಟಕ್ಕೆ ಸುಲಭದ ದಾರಿ ಕ್ಲೌಡ್‌ಫ್ಲೇರ್ ಟನಲ್. ನಿಮ್ಮ ಯಂತ್ರವೇ ಹೊರಗೆ ಕರೆ ಮಾಡಿ ಕಾಯುತ್ತದೆ. ಆದರೆ ಗೂಢಲಿಪಿ ಕ್ಲೌಡ್‌ಫ್ಲೇರ್ ಕಂಪನಿಯ ಯಂತ್ರಗಳಲ್ಲಿ ಬಿಚ್ಚಿ ಮತ್ತೆ ಮುಚ್ಚುತ್ತದೆ, ಉಚಿತ ಯೋಜನೆಯಲ್ಲಿ ಒಂದು ಸಲಕ್ಕೆ ಕಳಿಸುವ ಕಡತ 100 ಎಂಬಿ ಮೀರುವಂತಿಲ್ಲ. ಮಳೆಯ ಅಂಕಿಗೆ ಧಾರಾಳ, ಮದುವೆಯ ವಿಡಿಯೊ ಏರಿಸಲು ಆಗದು.

ನಾನು ಮೆಚ್ಚುವುದು ಮೂರನೆಯ ದಾರಿ. ಮುಂಬೈಯಲ್ಲೋ ಬೆಂಗಳೂರಿನಲ್ಲೋ ತಿಂಗಳಿಗೆ ಕೆಲವು ನೂರು ರೂಪಾಯಿಯ ಪುಟ್ಟ ವಿಪಿಎಸ್ (ಸಾರ್ವಜನಿಕ ಐಪಿ ಇರುವ ಬಾಡಿಗೆ ಸರ್ವರ್) ಹಿಡಿದು, ಮನೆಯಿಂದ ಅಲ್ಲಿಗೆ ವೈರ್‌ಗಾರ್ಡ್ ಎಂಬ ಗೂಢಲಿಪಿಯ ಸುರಂಗ ಹಾಕುವುದು. ವೈರ್‌ಗಾರ್ಡ್ 2020ರಲ್ಲೇ ಲಿನಕ್ಸ್ ಕರ್ನಲ್‌ಗೆ ಸೇರಿದೆ, ಬೇರೆ ಕಸರತ್ತು ಬೇಡ. ಮನೆಯ ಕಡೆಯ ಸಂರಚನೆಯಲ್ಲಿ ಮೂರು ಸಂಗತಿ ಸರಿಯಿರಲಿ. ‘ಪರ್ಸಿಸ್ಟೆಂಟ್ ಕೀಪ್‌ಅಲೈವ್’ 25 ಸೆಕೆಂಡಿಗೆ ಇಡಿ, ಇಲ್ಲದಿದ್ದರೆ ಸುಮ್ಮನಿದ್ದ ಹೊತ್ತಿನಲ್ಲಿ ಸಿಜಿನ್ಯಾಟ್ ದಾರಿ ಮುಚ್ಚಿಕೊಳ್ಳುತ್ತದೆ. ವಿಪಿಎಸ್ಸಿನ ವಿಳಾಸವನ್ನು ಹೆಸರಿನಿಂದ ಕೊಡದೆ ಐಪಿ ಅಂಕಿಯಲ್ಲೇ ಕೊಡಿ. ಕರೆಂಟು ಬಂದಾಗ ಮೋಡೆಮ್ಮಿಗಿಂತ ಮೊದಲು ಸರ್ವರ್ ಎದ್ದಿರುತ್ತದೆ, ಆ ಹೊತ್ತಿಗೆ ಹೆಸರು ಹುಡುಕಲು ಇಂಟರ್ನೆಟ್ಟೇ ಇರುವುದಿಲ್ಲ. ಮೂರನೆಯದು ಎಂಟಿಯು, ಅಂದರೆ ಒಮ್ಮೆಗೆ ಹೋಗುವ ಮಾಹಿತಿ ಪೊಟ್ಟಣದ ಗರಿಷ್ಠ ಗಾತ್ರ. ಚಿಕ್ಕ ಪುಟ ತೆರೆದುಕೊಂಡು ದೊಡ್ಡ ಫೋಟೊ ಅರ್ಧಕ್ಕೆ ನಿಲ್ಲುತ್ತಿದ್ದರೆ ಕಾರಣ ಇದೇ ಇರಬಹುದು. ವೈರ್‌ಗಾರ್ಡ್‌ನ ರೂಢಿಯ ಅಂಕಿ 1420. ಪಿಪಿಪಿಒಇ (ರೂಟರು ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ) ಸಂಪರ್ಕದಲ್ಲಿ ಎಂಟು ಬೈಟು ಅದಕ್ಕೇ ಹೋಗುವುದರಿಂದ 1412 ಮಾಡಿ.

ವಿಪಿಎಸ್ಸಿನಲ್ಲಿ ಕ್ಯಾಡಿ ಎಂಬ ವೆಬ್ ಸರ್ವರ್ ಹಾಕಿ. ಡೊಮೈನ್ ಹೆಸರನ್ನು ಅದರ ಐಪಿಗೆ ತೋರಿಸಿದರೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಉಚಿತ ಸೇವೆಯಿಂದ ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನು ತಾನೇ ತಂದು ತಾನೇ ನವೀಕರಿಸುತ್ತದೆ. ಪ್ರಮಾಣಪತ್ರ ಸಿಕ್ಕೊಡನೆ ಆ ಹೆಸರು ಸಾರ್ವಜನಿಕ ದಾಖಲೆಗೆ ಸೇರುತ್ತದೆ, ಬಾಗಿಲು ತಟ್ಟುವ ಬಾಟ್‌ಗಳು ಸ್ವಲ್ಪ ಹೊತ್ತಿನಲ್ಲೇ ಬರುತ್ತವೆ. ಆದ್ದರಿಂದ ಪಾಸ್‌ವರ್ಡ್ ಬದಲಿಸದ ಸೇವೆಯನ್ನು ಒಂದು ಗಂಟೆಯ ಮಟ್ಟಿಗೂ ಹೊರಗೆ ಬಿಡಬೇಡಿ. ಈ ದಾರಿಯ ಇನ್ನೊಂದು ಲಾಭ ನಮ್ಮೂರಿಗೇ ಹೇಳಿಮಾಡಿಸಿದ್ದು: ಮನೆ ಸಂಪರ್ಕ ಕಡಿದಾಗ ಕ್ಯಾಡಿ ದೋಷದ ಪುಟದ ಬದಲು ‘ಊರಲ್ಲಿ ಕರೆಂಟಿಲ್ಲ, ಬಂದ ಮೇಲೆ ಪುಟ ತೆರೆಯುತ್ತದೆ’ ಎಂದು ತೋರಿಸುವಂತೆ ಮಾಡಬಹುದು. ಮಳೆಯ ಅಂಕಿಯಂಥ ಪುಟದ ಪ್ರತಿಯೊಂದನ್ನು ವಿಪಿಎಸ್ಸಿನಲ್ಲೇ ಇಟ್ಟರೆ ಜೋರು ಮಳೆಯ ದಿನವೂ, ಅಂದರೆ ಜನ ಹೆಚ್ಚು ನೋಡುವ ದಿನವೂ, ಹಿಂದಿನ ದಿನದವರೆಗಿನ ಅಂಕಿ ಸಿಗುತ್ತದೆ.

ಸಾರ್ವಜನಿಕ ಐಪಿ ಇರುವವರು 80 ಮತ್ತು 443ನೇ ಪೋರ್ಟನ್ನು ನೇರ ಮನೆಗೆ ತಿರುಗಿಸಬಹುದು, ವಿಳಾಸ ಬದಲಾಗುತ್ತಿದ್ದರೆ ಡೈನಾಮಿಕ್ ಡಿಎನ್‌ಎಸ್ (ಹೆಸರನ್ನು ಹೊಸ ವಿಳಾಸಕ್ಕೆ ತಾನೇ ತಿರುಗಿಸುವ ಸೇವೆ) ಬೇಕು. ಹೊಸ ಬಗೆಯ ವಿಳಾಸವಾದ ಐಪಿವಿ6 ಮೂಲಕವೂ ಸಾಧ್ಯ, ಆದರೆ ನೋಡುವವರ ಕಡೆಯೂ ಐಪಿವಿ6 ಇರಬೇಕು.

ಹೆಜ್ಜೆ 7: ಬ್ಯಾಕಪ್

ಒಂದೇ ಸ್ವಿಚ್ ಬೋರ್ಡಿಗೆ ಹಚ್ಚಿದ ಎರಡು ಡಿಸ್ಕು ಸಿಡಿಲಿನ ಮುಂದೆ ಒಂದೇ ಡಿಸ್ಕು. ಮೂಲ ಪ್ರತಿ ಸರ್ವರಿನಲ್ಲಿ, ಎರಡನೆಯದು ವಾರಕ್ಕೊಮ್ಮೆ ಹಚ್ಚಿ ತೆಗೆದು ಕಪಾಟಿನಲ್ಲಿಡುವ ಡಿಸ್ಕಿನಲ್ಲಿ, ಮೂರನೆಯದು ಬೇರೆ ಊರಿನ ನೆಂಟರ ಮನೆಯಲ್ಲಿ. ರೆಸ್ಟಿಕ್ ಎಂಬ ಬ್ಯಾಕಪ್ ಸಾಫ್ಟ್‌ವೇರು ಬಳಸಿದರೆ ಪ್ರತಿ ಗೂಢಲಿಪಿಯಲ್ಲೇ ಇರುತ್ತದೆ, ನೆಂಟರ ಮನೆಯ ಡಿಸ್ಕಿನಲ್ಲಿ ಯಾರೂ ತೆರೆದು ನೋಡಲಾರರು. ಅದರ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಜಮೀನಿನ ಕಾಗದಪತ್ರಗಳ ಜೊತೆ ಇಡಿ. ಫೋಟೊ ಫೋಲ್ಡರಿನ ಜೊತೆ ಇಮ್ಮಿಚ್‌ನ ಡೇಟಾಬೇಸ್ ಡಂಪ್ (ಅದರ ಮಾಹಿತಿಕೋಶದ ಪ್ರತಿ) ಕೂಡ ಹೋಗಬೇಕು, ಇಲ್ಲದಿದ್ದರೆ ಯಾರ ಮುಖ ಯಾವುದು, ಯಾವ ಆಲ್ಬಮ್ಮಿನಲ್ಲಿ ಏನು ಎಂಬುದು ಉಳಿಯದು. ಮೇ ತಿಂಗಳು ಮುಗಿಯುವುದರೊಳಗೆ ಒಂದು ಆಲ್ಬಮ್ಮನ್ನು ಬೇರೆ ಯಂತ್ರಕ್ಕೆ ಮರಳಿ ತೆಗೆದು ನೋಡಿ.

ಹೆಜ್ಜೆ 8: ಮೇನ್ ಸ್ವಿಚ್ ಇಳಿಸಿ ನೋಡಿ

ಎಲ್ಲ ಸಿದ್ಧವಾದ ಮೇಲೆ, ಮಳೆಗಾಲಕ್ಕೆ ಮುಂಚೆ, ಮನೆಯವರಿಗೆ ಹೇಳಿ ಮೇನ್ ಸ್ವಿಚ್ ಇಳಿಸಿ. ಇನ್ವರ್ಟರನ್ನೂ ಆಫ್ ಮಾಡಿ. ಲ್ಯಾಪ್‌ಟಾಪಿನ ಬ್ಯಾಟರಿ ಇಳಿದು ತಾನೇ ಆರುವವರೆಗೆ ಕಾಯಿರಿ. ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು, ಅವಸರಕ್ಕೆ ಗುಂಡಿ ಒತ್ತಿ ಆರಿಸಿದರೆ ಪರೀಕ್ಷೆ ಆಗಲಿಲ್ಲ. ಪೂರ್ತಿ ಆರಿದ ಮೇಲೆ ಸ್ವಿಚ್ ಏರಿಸಿ, ಮತ್ತೆ ಇಳಿಸಿ, ಮತ್ತೆ ಏರಿಸಿ. ಇನ್ನು ಯಾವುದನ್ನೂ ಮುಟ್ಟಬೇಡಿ. ಹದಿನೈದು ನಿಮಿಷ ಬಿಟ್ಟು ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಿಂದ ಒಂದೊಂದೇ ಸೇವೆ ತೆರೆಯಿರಿ. ಯಾವುದು ಏಳಲಿಲ್ಲವೋ ಅದರ ಲಾಗ್ ಓದಿ, ಸರಿಪಡಿಸಿ, ಮೊದಲಿನಿಂದ ಮತ್ತೆ ಮಾಡಿ.

ಆಮೇಲೆ ವಿಪಿಎಸ್ಸಿನಲ್ಲಿ ಅಪ್‌ಟೈಮ್ ಕುಮಾ ಎಂಬ ಕಾವಲು ಸಾಫ್ಟ್‌ವೇರು ಹಾಕಿ, ಮನೆ ಹತ್ತು ನಿಮಿಷ ಉತ್ತರಿಸದಿದ್ದರೆ ಫೋನಿಗೆ ಸೂಚನೆ ಬರುವಂತೆ ಮಾಡಿ. ಮನೆಯಲ್ಲೇ ಹಾಕಿದ ಕಾವಲು ಮನೆಯ ಜೊತೆಗೇ ಆರುತ್ತದೆ. ಸರ್ವರಿನ ಪಕ್ಕದ ಗೋಡೆಗೆ ದೊಡ್ಡ ಅಕ್ಷರದ ಹಾಳೆಯೊಂದನ್ನು ಅಂಟಿಸಿ: ಮೋಡೆಮ್ಮಿನ ಯಾವ ದೀಪ ಹಸಿರಿರಬೇಕು, ಕೆಂಪಾದರೆ ಕೇಬಲಿನವರ ನಂಬರು ಯಾವುದು, ಗುಡುಗು ಹತ್ತಿರ ಬಂದರೆ ಯಾವ ಪ್ಲಗ್ಗನ್ನು ಮೊದಲು ಕೀಳಬೇಕು. ಅಮ್ಮ ಆ ಹಾಳೆ ಓದಿ ನಿಮಗೆ ಫೋನ್ ಮಾಡದೆ ಪ್ಲಗ್ ಕಿತ್ತು, ಮಳೆ ನಿಂತ ಮೇಲೆ ಮತ್ತೆ ಹಾಕಿ, ಸೇವೆಗಳು ತಾವೇ ಎದ್ದವೆಂದರೆ ಸರ್ವರ್ ಮಳೆಗಾಲಕ್ಕೆ ತಯಾರಾಗಿದೆ.